ಬೆಣ್ಣೆ ಜಿಡ್ಡಿನಿಂದ ಗ್ಯಾಸ್: ನನ್ನ ಅನುಭವ

ದಾವಣಗೆರೆಯ ಒಂದು ಬೆಣ್ಣೆದೋಸೆ ಹೋಟೆಲಿನ ಗ್ಯಾಸ್ ಪ್ಲಾಂಟ್ ನಾನೇ ನೋಡಿಕೊಳ್ಳೋದು. ಪಾತ್ರೆ ತೊಳೆದ ನೀರು, ಹಿಟ್ಟಿನ ನೀರು, ತೇಲುವ ಜಿಡ್ಡು ಎಲ್ಲಾ ಗಾಳಿಯಾಡದ ತೊಟ್ಟಿಗೆ ಹೋಗುತ್ತದೆ. ಜಿಡ್ಡು ಹಾಕಿದರೆ ಪ್ಲಾಂಟ್ ಕೆಡುತ್ತೆ ಅಂತ ಎಲ್ಲರೂ ಹೇಳ್ತಾರೆ. ಅರ್ಧ ನಿಜ. ತೂಕಕ್ಕೆ ತೂಕ ನೋಡಿದರೆ ಹಿಟ್ಟಿಗಿಂತ ಜಿಡ್ಡಿನಲ್ಲೇ ಗ್ಯಾಸ್ ಜಾಸ್ತಿ. ಕೆಡಿಸೋದು ಅವಸರ.

ಚೆನ್ನಾಗಿ ಓಡುತ್ತಿದ್ದ ಗೋಬರ್ ಗ್ಯಾಸ್ ಗುಂಡಿಯ ಬಗ್ಗಡ ತಂದು ಶುರು ಮಾಡಿದೆ. ಮೊದಲು ಬರೀ ಹಿಟ್ಟಿನ ನೀರು. ಒಲೆಯ ಉರಿ ನೀಲಿಯಾಗಿ ನಿಂತ ಮೇಲೆ ಜಿಡ್ಡನ್ನು ಬಿಸಿನೀರಲ್ಲಿ ಕದಡಿ ಚೊಂಬಿನ ಲೆಕ್ಕದಲ್ಲಿ ಬಿಟ್ಟೆ.

ಯಾಕೆ ಇಷ್ಟು ನಿಧಾನ ಅಂದ್ರೆ, ಒಳಗೆ ಒಂದೇ ಜಾತಿಯ ಜೀವಿ ಇದನ್ನು ಮುಗಿಸಲ್ಲ. ಜಿಡ್ಡು ಮೊದಲು ಗ್ಲಿಸರಾಲ್ ಮತ್ತು ಕೊಬ್ಬಿನ ಆಮ್ಲವಾಗಿ ಒಡೆಯುತ್ತದೆ. ಆ ಆಮ್ಲವನ್ನು ಸಿಂಟ್ರೋಫೊಮೊನಾಸ್ ತರಹದ ಬ್ಯಾಕ್ಟೀರಿಯಾ ಎರಡೆರಡು ಇಂಗಾಲದಂತೆ ಕತ್ತರಿಸುತ್ತವೆ. 16 ಇಂಗಾಲದ ಪಾಮಿಟಿಕ್ ಆಮ್ಲದ ಒಂದು ಅಣುವಿನಿಂದ 8 ಅಸಿಟೇಟ್ (ವಿನೆಗರ್‌ನ ಆಮ್ಲದ ರೂಪ), 14 ಹೈಡ್ರೋಜನ್ ಅಣು. ಈ ಹೈಡ್ರೋಜನ್ ಸುತ್ತ ಸೇರಿಕೊಂಡರೆ ಕತ್ತರಿಸುವವರಿಗೆ ಶಕ್ತಿಯೇ ಸಿಗಲ್ಲ, ಕೆಲಸ ನಿಲ್ಲುತ್ತದೆ. ಪಕ್ಕದಲ್ಲೇ ಇರುವ, ಒಲೆಯಲ್ಲಿ ಉರಿಯುವ ಮೀಥೇನ್ ಗ್ಯಾಸ್ ಮಾಡುವ ಜೀವಿಗಳು ಅದನ್ನು ಆಗಿಂದಾಗಲೇ ತಿಂದು ಖಾಲಿ ಮಾಡಬೇಕು. ನಮ್ಮ ಮಂಡಕ್ಕಿ ಭಟ್ಟಿಯಲ್ಲಿ ಹುರಿದದ್ದನ್ನು ಎಳೆದು ಚೀಲಕ್ಕೆ ತುಂಬುವವನಿಲ್ಲದಿದ್ದರೆ ಹುರಿಯುವವನು ಕೈಕಟ್ಟಿ ನಿಲ್ಲಬೇಕು, ಅಲ್ವಾ? ಮೀಥನೋಬ್ಯಾಸಿಲಸ್ ಒಮೆಲಿಯಾನ್ಸ್ಕಿ ಅಂತ ಒಂದೇ ಜೀವಿ ಅಂದುಕೊಂಡು ಹೆಸರಿಟ್ಟಿದ್ದದ್ದು ಅಸಲಿಗೆ ಇಂಥದೇ ಜೋಡಿ, ಎರಡು ಜೀವಿ ಅಂತ ಗೊತ್ತಾಗಿದ್ದೇ 1967ರಲ್ಲಿ. ಅಷ್ಟು ಒತ್ತಾಗಿ ಬದುಕುತ್ತವೆ ಇವು.

ಮದುವೆ ಸೀಸನ್ನಿನಲ್ಲಿ ಜಿಡ್ಡು ಏರಿದರೆ ಮೊದಲು ಮೂಗಿಗೇ ಗೊತ್ತಾಗುತ್ತದೆ. ಹಳಸಿದ ಬೆಣ್ಣೆಯ ವಾಸನೆ ಬಂತು ಅಂದ್ರೆ ಆ ವಾಸನೆಯ ಬ್ಯುಟಿರಿಕ್ ಆಮ್ಲ ಒಡೆಯದೆ ಉಳೀತಿದೆ. ಬಗ್ಗಡದ ಮೇಲೆ ಜಾರುವ ಬಿಳಿ ಪದರ ಕಟ್ಟುತ್ತದೆ, ಬಗ್ಗಡವೇ ಮೇಲೆ ತೇಲಿ ಹೊರಗೆ ಹೋಗೋಕೆ ಶುರುವಾಗುತ್ತದೆ. ಪಿಎಚ್ (ಹುಳಿಯ ಅಳತೆ) ಒಂದನ್ನೇ ನಂಬಿ ಕೂರಬೇಡಿ, ಅದು ಬೀಳೋದು ತಡವಾಗಿ. ನಾನು ಆಮ್ಲಕ್ಕೂ ಕ್ಷಾರಕ್ಕೂ ಇರುವ ಅನುಪಾತ ನೋಡ್ತೀನಿ. 0.3 ದಾಟಿದರೆ ಜಿಡ್ಡು ಬಂದ್.

ಇಂಥ ಹೊತ್ತಲ್ಲಿ ಮಾಲೀಕರಿಗೆ ಯಾರೋ ಕಲ್ಚರ್ ಪುಡಿ, ಅಂದ್ರೆ ಒಣಗಿಸಿದ ಜೀವಿಗಳ ಪುಡಿ, ಮಾರೋಕೆ ಬರ್ತಾರೆ. "ಹಾಕಿಬಿಡೋಣವಾ?" ಅಂತ ಅವರು ಕೇಳ್ತಾರೆ. "ಬೇಡ ಸಾರ್, ಇರೋ ಜೀವಿಗಳಿಗೆ ಸ್ವಲ್ಪ ಟೈಮ್ ಕೊಡಿ" ಅಂತೀನಿ. ಜೋರಾಗಿ ಕಲಕೋದನ್ನೂ ನಿಲ್ಲಿಸ್ತೀನಿ. ಅಂಟಿಕೊಂಡಿರುವ ಜೋಡಿಗಳನ್ನು ಸುಮ್ನೆ ಬಿಡಿಸಿ ಲಾಭವಿಲ್ಲ. ಹಿಟ್ಟಿನ ನೀರನ್ನೂ ಕಡಿಮೆ ಮಾಡಿ, ವಾಸನೆ ಹೋಗಿ ಅನುಪಾತ ಇಳಿದ ಮೇಲೆ ಜಿಡ್ಡನ್ನು ಮತ್ತೆ ಅರ್ಧ ಚೊಂಬಿನಿಂದ ಶುರು ಮಾಡ್ತೀನಿ.