ಮುಷ್ಟಿ ಬಿಚ್ಚಿಸೋ ಗ್ಲೌಸ್ ಮಾಡಿದ ಕಥೆ

ಸ್ಟ್ರೋಕ್ ಆದ್ಮೇಲೆ ಎಡಗೈ ಮುಷ್ಟಿ ಕಟ್ಕೊಂಡೇ ಇದ್ದ ಹಿರಿಯರೊಬ್ಬರಿಗೆ ಬೆರಳು ಬಿಚ್ಚಿಸೋ ಮೋಟಾರ್ ಗ್ಲೌಸ್ ಮಾಡ್ಕೊಡಕ್ಕೆ ಹೊರಟಿದ್ದೆ. ಹಿಡಿಯೋ ಶಕ್ತಿ ಅವರಿಗೆ ಚೆನ್ನಾಗೇ ಇತ್ತು, ಹಿಡಿದಿದ್ದನ್ನ ಬಿಡೋಕೆ ಮಾತ್ರ ಆಗ್ತಿರ್ಲಿಲ್ಲ. ನಾನು ಇದನ್ನ ಸರಿಯಾಗಿ ನೋಡ್ದೇನೇ ಐದೂ ಬೆರಳಿಗೆ ಮಡಿಸೋಕೊಂದು ಬಿಚ್ಚೋಕೊಂದು ಅಂತ ದಾರ ಕಟ್ಟಿ, ದಾರ ಎಳೆಯೋ ಚಿಕ್ಕ ಸರ್ವೋ ಮೋಟಾರ್‌ಗಳನ್ನೆಲ್ಲ ಮುಂಗೈ ಮೇಲೇ ಕೂರಿಸಿ, ಫೋಟೋಗೆ ಸೂಪರ್ ಆಗಿ ಕಾಣೋದೊಂದು ಮಾಡ್ಕೊಂಡು ಹೋದೆ.

ಮೊದಲ ಟ್ರಯಲ್‌ನಲ್ಲೇ ಮಾನ ಹೋಯ್ತು. ಅರ್ಧ ಸೆಕೆಂಡಲ್ಲಿ ಬಿಚ್ಚೋ ಹಾಗೆ ಸೆಟ್ ಮಾಡಿದ್ದೆ, ಮೋಟಾರ್ ಎಳೆದ ತಕ್ಷಣ ಮುಷ್ಟಿ ಇನ್ನೂ ಬಿಗಿಯಾಯ್ತು. ಟಾರ್ಕ್ (ತಿರುಗಿಸೋ ಬಲ) ಸಾಲ್ತಿಲ್ಲ ಅನ್ಕೊಂಡು ದೊಡ್ಡ ಮೋಟಾರ್ ಹುಡುಕ್ತಿದ್ದೆ, ಅಲ್ಲಿದ್ದ ಫಿಸಿಯೋಥೆರಪಿಸ್ಟ್ ಮೇಡಂ ನಕ್ಕು "ನಿಧಾನ ಎಳೀರಿ ಸರ್, ಮಣಿಕಟ್ಟು ಸ್ವಲ್ಪ ಒಳಗೆ ಬಗ್ಗಿಸಿ ನೋಡಿ" ಅಂದ್ರು. ಸ್ಪಾಸ್ಟಿಸಿಟಿ, ಅಂದ್ರೆ ಸ್ಟ್ರೋಕ್ ಆದ್ಮೇಲೆ ಬರೋ ಈ ಥರದ ಬಿಗಿತ, ಇರೋ ಸ್ನಾಯುನ ಎಷ್ಟು ಬೇಗ ಎಳೀತೀವೋ ಅದು ಅಷ್ಟೇ ಜೋರಾಗಿ ತಿರುಗಿ ಬಿಗಿಯುತ್ತೆ, ಬಲ ಹಾಕಿ ಗೆಲ್ಲೋ ವಿಷಯ ಅಲ್ಲ ಇದು. ಬೆರಳು ಮಡಿಸೋ ಟೆಂಡನ್‌ಗಳು (ಸ್ನಾಯುನ ಎಲುಬಿಗೆ ಕಟ್ಟೋ ಹುರಿಗಳು) ಮಣಿಕಟ್ಟು ದಾಟಿ ಹೋಗೋದ್ರಿಂದ ಮಣಿಕಟ್ಟು ಬಗ್ಗಿದ್ರೆ ಅವು ಸಡಿಲ ಆಗ್ತವೆ, ಆದ್ರೆ ಜಾಸ್ತಿ ಬಗ್ಗಿಸಿದ್ರೆ ಹಿಡಿತಕ್ಕೇ ಬಲ ಇರಲ್ಲ, ಹಾಗಾಗಿ ತುಂಬಾ ಸಲ ಹಾಕಿ ತೆಗೆದು ಮಾಡಿ ಕೊನೆಗೆ ಹೆಚ್ಚುಕಮ್ಮಿ ನೇರಕ್ಕೆ ನಿಲ್ಲಿಸಿದೆ. ಬಿಚ್ಚೋ ಟೈಮ್ 4 ಸೆಕೆಂಡ್ ಮಾಡಿದೆ. ಅದೇ ಚಿಕ್ಕ ಮೋಟಾರ್ ಸಾಕಾಯ್ತು! ಮಡಿಸೋ ದಾರಗಳನ್ನ ಪೂರ್ತಿ ಕಿತ್ತುಹಾಕಿದೆ, ಅದನ್ನ ಅವರೇ ಮಾಡ್ಕೋತಾರಲ್ಲ.

ಆಮೇಲೆ ಭಾರ. ಮುಂಗೈ ಮೇಲೆ 400 ಗ್ರಾಂ ಅಂದ್ರೆ ಕೇಳೋಕೆ ಏನಲ್ಲ, ಕೈ ಚಾಚಿದಾಗ ಅದು ಭುಜದಿಂದ 60 ಸೆಂ.ಮೀ. ದೂರದಲ್ಲಿ ತೂಗುತ್ತೆ, ಮೊದಲೇ ಸೋತ ಭುಜ ಅದು. ಮೋಟಾರನ್ನ ಸೊಂಟದ ಬೆಲ್ಟಿಗೆ ಇಳಿಸಿ, ಸೈಕಲ್ ಬ್ರೇಕ್ ಥರ ಕವಚದೊಳಗೆ ಕೇಬಲ್ ಓಡಿಸಿದೆ. ಈ ಕೇಬಲ್ ಎಷ್ಟು ಬಾಗುತ್ತೋ ಅಷ್ಟು ಘರ್ಷಣೆ, ಉದ್ದ ಇದ್ರೆ ಪರವಾಗಿಲ್ಲ, ತಿರುವು ಕಮ್ಮಿ ಇರಬೇಕು. ಒಳಗೆ ಟೆಫ್ಲಾನ್ ಟ್ಯೂಬ್ ಹಾಕಿದೆ.

ಅವರಿಗೆ ಯಾವಾಗ ಬಿಚ್ಬೇಕು ಅಂತ ಸ್ನಾಯುವಿನ ವಿದ್ಯುತ್ ಸಿಗ್ನಲ್ ಓದಿ ತಿಳ್ಕೊಳ್ಳೋ ಇಎಂಜಿ ಸೆನ್ಸರ್‌ಗೆ ಎಷ್ಟು ಟೈಮ್ ಹಾಳು ಮಾಡಿದೆ ಅಂತ ಹೇಳೋಕೂ ನಾಚಿಕೆ. ಬಿಚ್ಚೋಕೆ ಟ್ರೈ ಮಾಡಿದ್ರೂ ಮಡಿಸೋ ಸ್ನಾಯು ಜೊತೆಗೇ ಕೆಲಸ ಮಾಡ್ತಿತ್ತು, ಯಾವ ಸಿಗ್ನಲ್ ಯಾವುದು ಅಂತಾನೇ ಗೊತ್ತಾಗ್ತಿರ್ಲಿಲ್ಲ. ಕಾಲ ಹತ್ರ ಒಂದು ಸ್ವಿಚ್ ಇಟ್ಟೆ, ಮುಗೀತು.

ಇಷ್ಟೆಲ್ಲಾ ಆದ್ಮೇಲೂ ಗ್ಲೌಸ್ ಮೂಲೇಲಿ ಬಿದ್ದಿತ್ತು. ಯಾಕೆ ಅಂದ್ರೆ ಒಂದೇ ಕೈಯಲ್ಲಿ, ಅದೂ ಮುಷ್ಟಿ ಕಟ್ಟಿರೋ ಕೈಗೆ, ಐದು ಬೆರಳಿನ ಗ್ಲೌಸ್ ಹಾಕ್ಕೊಳ್ಳೋದು ಹೇಗೆ? ಮನೆಯವರು ಇದ್ರೆ ಮಾತ್ರ ಹಾಕ್ಬೇಕು, ಅವರು ಇದ್ರೆ ಗ್ಲೌಸ್ ಯಾಕೆ ಬೇಕು! ಅಂಗೈ ಪೂರ್ತಿ ತೆರೆದಿಟ್ಟು, ಹೆಬ್ಬೆರಳು, ತೋರುಬೆರಳು, ಮಧ್ಯದ ಬೆರಳಿಗೆ ಮಾತ್ರ ಉಂಗುರದ ಥರ ಪಟ್ಟಿ ಕೊಟ್ಟು, ವೆಲ್ಕ್ರೋನ ರಿಂಗೊಳಗೆ ತೂರಿಸಿ ಒಂದೇ ಕೈಲಿ ಎಳೆಯೋ ಹಾಗೆ ಮತ್ತೆ ಮಾಡಿದೆ. ಮೊದಮೊದಲು 15 ನಿಮಿಷಕ್ಕೇ ಬಿಚ್ಚಿ ಚರ್ಮ ನೋಡ್ತಿದ್ವಿ, ಸ್ಟ್ರೋಕ್ ಆದ ಕೈಗೆ ಸ್ಪರ್ಶ ಮಂದ ಇದ್ರೆ ಒತ್ತಿ ನೋಯ್ತಿರೋದೂ ತಿಳಿಯಲ್ಲ. ಮಣಿಕಟ್ಟಿನ ಎಲುಬಿನ ಗಂಟಿನ ಮೇಲಿನ ಕೆಂಪು ಅರ್ಧ ಗಂಟೆ ಆದ್ರೂ ಹೋಗ್ಲಿಲ್ಲ, ಅಲ್ಲಿ ಗ್ಲೌಸ್‌ನ ಗಟ್ಟಿ ಶೆಲ್ (ಹೊರಕವಚ) ಕೊರೆದೆ.

ಈಗ ಎಡಗೈಲಿ ಬಾಟಲಿ ಹಿಡ್ಕೊಂಡು ಬಲಗೈಲಿ ಮುಚ್ಚಳ ತೆಗೀತಾರೆ. ಹೋದ ಸಲ ನೋಡಿದ್ರೆ ಮಧ್ಯದ ಸ್ಟ್ರಾಪ್ ಇರಲೇ ಇಲ್ಲ, "ಅಡ್ಡ ಬರ್ತಿತ್ತು, ಕತ್ತರಿಸಿ ಬಿಟ್ಟೆ ಕಣಪ್ಪ" ಅಂದ್ರು. ಇಲ್ದೇನೂ ಗ್ಲೌಸ್ ಅಲ್ಲಾಡ್ತಿರ್ಲಿಲ್ಲ, ನಾನೂ ಡ್ರಾಯಿಂಗ್‌ನಿಂದ ತೆಗೆದುಬಿಟ್ಟೆ.