ಬೆಂಗಳೂರಲ್ಲಿ ಒಬ್ಬಳೇ ಕನ್ನಡ ನಾಟಕಕ್ಕೆ ಹೋಗೋದು ಹೇಗೆ (ಜೊತೆಗೆ ಒಂದಿಷ್ಟು ಸಿನಿಮಾ)

"ನಂಗೂ ನಾಟಕ ನೋಡೋ ಆಸೆ ಕಣೇ, ಆದ್ರೆ ಜೊತೆಗೆ ಬರೋರು ಯಾರೂ ಇಲ್ಲ" ಅಂತ ಆಫೀಸಲ್ಲಿ, ಪೀಜಿಯಲ್ಲಿ ಎಷ್ಟು ಹುಡುಗೀರು ಹೇಳ್ತಾರೋ ಲೆಕ್ಕ ಇಲ್ಲ. ಅವ್ರಿಗೆಲ್ಲ ನಾನು ಹೇಳೋದು, ಜೊತೆ ಹುಡುಕ್ತಾ ಕೂರ್ಬೇಡಿ, ಮೊದ್ಲು ಡೇಟ್ ನೋಡಿ ಟಿಕೆಟ್ ತಗೊಳ್ಳಿ. ಸಿನಿಮಾ ಮಿಸ್ ಆದ್ರೆ ಓಟಿಟಿಯಲ್ಲಾದ್ರೂ ಬರಬಹುದು. ಹವ್ಯಾಸಿ ತಂಡದ ನಾಟಕ ಹಾಗಲ್ಲ, ಅವ್ರು ಹಗಲೆಲ್ಲ ಬ್ಯಾಂಕು, ಸ್ಕೂಲು, ಐಟಿ ಅಂತ ದುಡಿದು ಸಂಜೆ ತಾಲೀಮಿಗೆ ಬಂದು ತಿಂಗಳುಗಟ್ಟಲೆ ಕಷ್ಟಪಟ್ಟು ಕಟ್ಟಿರ್ತಾರೆ, ಒಂದೋ ಎರಡೋ ಶೋ ಆಡ್ತಾರೆ, ಮತ್ತೆ ಯಾವಾಗ ಅಂತ ಕೇಳಿದ್ರೆ ಅವ್ರಿಗೇ ಗೊತ್ತಿರಲ್ಲ. ನೀವು ವಾಟ್ಸಾಪ್ ಗ್ರೂಪಲ್ಲಿ ಎಲ್ಲರ ಶನಿವಾರ ಹೊಂದಿಸೋ ಅಷ್ಟರಲ್ಲಿ ನಾಟಕ ಮುಗಿದೇ ಹೋಗಿರತ್ತೆ.

ಮೊದಲನೇ ಸಲಕ್ಕೆ ಜೆ.ಪಿ. ನಗರ 2ನೇ ಫೇಸ್‌ನ ರಂಗಶಂಕರ ಒಳ್ಳೇದು. ಶಂಕರ್ ನಾಗ್ ನೆನಪಿಗೆ ಅರುಂಧತಿ ನಾಗ್ ಮುಂದೆ ನಿಂತು ಕಟ್ಟಿಸಿದ ಜಾಗ ಅದು, 2004ರಲ್ಲಿ ಶುರುವಾಗಿದ್ದು. ಸೋಮವಾರ ಬಿಟ್ರೆ ಹೆಚ್ಚುಕಮ್ಮಿ ದಿನಾ ಏನಾದ್ರೂ ಇರತ್ತೆ, ಸಾಮಾನ್ಯವಾಗಿ ಸಂಜೆ 7.30ಕ್ಕೆ, ವೀಕೆಂಡಲ್ಲಿ ಮಧ್ಯಾಹ್ನ 3.30ಕ್ಕೂ ಶೋ ಇರತ್ತೆ. ರಾತ್ರಿ ವಾಪಸ್ ಬರೋದೇ ಚಿಂತೆ ಅಂದ್ರೆ ಮಧ್ಯಾಹ್ನದ ಶೋನೇ ತಗೊಳ್ಳಿ, ಬೆಳಕಿದ್ದಾಗ್ಲೇ ಹೊರಗೆ ಬರಬಹುದು. ಅಲ್ಲಿ ಲೇಟಾಗಿ ಹೋದ್ರೆ ಒಳಗೆ ಬಿಡಲ್ಲ, ಯಾರೇ ಆದ್ರೂ ಬಿಡಲ್ಲ. ಸಿಲ್ಕ್ ಬೋರ್ಡ್ ಟ್ರಾಫಿಕ್ಕು, ಮಳೆ, ಯಾವ ಕಾರಣವೂ ನಡೆಯಲ್ಲ, ನನಗೆ ಈ ರೂಲ್ ತುಂಬಾ ಇಷ್ಟ, ಸ್ಟೇಜ್ ಮೇಲೆ ಒಬ್ಬರು ಉಸಿರು ಹಿಡಿದು ನಿಂತಿರುವಾಗ ಮೊಬೈಲ್ ಟಾರ್ಚ್ ಹಾಕ್ಕೊಂಡು ಸೀಟ್ ಹುಡುಕೋರು ಇರಲ್ಲ ಅಲ್ಲಿ. ಅರ್ಧ ಗಂಟೆ ಮುಂಚೆ ಹೋಗಿ, ಕೆಫೆಯಲ್ಲಿ ಏನಾದ್ರೂ ತಿಂದ್ಕೊಂಡು ಕೂತ್ಕೊಳ್ಳಿ. ಒಬ್ಬರೇ ಬಂದು ಟೀ ಕುಡೀತಾ ಕೂತಿರೋರು ನಿಮ್ಮ ಹಾಗೇ ಇನ್ನೂ ಹತ್ತು ಜನ ಕಾಣ್ತಾರೆ.

ಅಲ್ಲಿ ಅಭ್ಯಾಸ ಆದ್ಮೇಲೆ ಜೆ.ಸಿ. ರಸ್ತೆ ಕಡೆ ಬನ್ನಿ. ಟಾಗೋರ್ ಜನ್ಮಶತಮಾನೋತ್ಸವದ ನೆನಪಿಗೆ ಕಟ್ಟಿದ ರವೀಂದ್ರ ಕಲಾಕ್ಷೇತ್ರ 1963ರಿಂದ ಇದೆ, ಅದರ ಹಿಂದೆ ಸಂಸ ಬಯಲು ರಂಗಮಂದಿರ, ಪಕ್ಕದ ಕನ್ನಡ ಭವನದಲ್ಲಿ ನಯನ ಸಭಾಂಗಣ, ಅದೇ ರಸ್ತೆಯಲ್ಲಿ ಎಡಿಎ ರಂಗಮಂದಿರ. ಒಂದೇ ಸಂಜೆ ಒಂದು ಕಡೆ ನಾಟಕ, ಒಂದು ಕಡೆ ಪುಸ್ತಕ ಬಿಡುಗಡೆ, ಇನ್ನೊಂದು ಕಡೆ ಜಾನಪದ ಹಾಡು ನಡೀತಿರತ್ತೆ. ಕಲಾಕ್ಷೇತ್ರದ ಮೆಟ್ಟಿಲ ಮೇಲೆ ಕೂತು ಮಾತಾಡ್ತಿರೋರಲ್ಲಿ ಅರ್ಧ ಜನ ರಂಗಭೂಮಿಯವ್ರೇ. ಟೌನ್‌ಹಾಲ್ ಕಡೆ ಹೋಗೋ ಯಾವ ಬಸ್ಸಾದ್ರೂ ಆಗತ್ತೆ, ಕರ್ನಾಟಕದ ವಿಳಾಸ ಇರೋ ಐಡಿ ಇದ್ರೆ ಬಿಎಂಟಿಸಿ ಆರ್ಡಿನರಿ ಬಸ್ಸು 2023ರ ಜೂನ್‌ನಿಂದ ನಮಗೆ ಫ್ರೀ ಅಲ್ವಾ. ಮೆಟ್ರೋ ಆದ್ರೆ ಕೆ.ಆರ್. ಮಾರ್ಕೆಟ್ ಸ್ಟೇಷನ್. ವಾಪಸ್ ಬರುವಾಗ ಮಾತ್ರ ಜನ ಹೊರಡೋ ಜೊತೆಗೇ ಹೊರಟುಬಿಡಿ, ಆ ರಸ್ತೆ ರಾತ್ರಿ ಅಂಗಡಿ ಮುಚ್ಚಿದ್ಮೇಲೆ ಖಾಲಿ ಖಾಲಿ. ಆಟೋ ಬುಕ್ ಮಾಡಿ ಗೇಟ್ ಒಳಗೇ ನಿಂತ್ಕೊಳ್ಳಿ.

ಹನುಮಂತನಗರದ ಕೆ.ಎಚ್. ಕಲಾಸೌಧಕ್ಕೂ ಒಂದ್ಸಲ ಹೋಗಿ. ಅಕ್ಕಪಕ್ಕದ ಬಡಾವಣೆಯ ಅಜ್ಜ ಅಜ್ಜೀರು, ಮೊಮ್ಮಕ್ಕಳು ಎಲ್ಲ ಬರ್ತಾರೆ, "ಏನಮ್ಮಾ, ಒಬ್ಳೇ ಬಂದ್ಯಾ? ಬಾ ಇಲ್ಲೇ ಕೂತ್ಕೋ" ಅಂತ ಕರೆಯೋರೂ ಸಿಗ್ತಾರೆ.

ಯಾವ ನಾಟಕ ನೋಡೋದು? ರಿವ್ಯೂ ಓದಿ ಹೋಗೋದು ಇಲ್ಲಿ ಕೆಲಸ ಮಾಡಲ್ಲ, ರಿವ್ಯೂ ಬರೋ ಹೊತ್ತಿಗೆ ಶೋ ಮುಗ್ದಿರತ್ತೆ. ತಂಡದ ಹೆಸರು ಹಿಡ್ಕೊಳ್ಳಿ. ಬೆನಕ, ಸಮುದಾಯ, ಸಂಚಾರಿ ಥಿಯೇಟರ್, ಪ್ರಯೋಗರಂಗ ಅಂತ ನಾಲ್ಕೈದು ತಂಡಗಳನ್ನ ಫೇಸ್‌ಬುಕ್ಕು ಇನ್‌ಸ್ಟಾದಲ್ಲಿ ಫಾಲೋ ಮಾಡಿದ್ರೆ ಪೋಸ್ಟರ್‌ಗಳು ತಾವಾಗೇ ಬರ್ತವೆ. ಹೆಗ್ಗೋಡಿನ ನೀನಾಸಂ ರಂಗಸಂಸ್ಥೆಯ ಸಂಚಾರಿ ತಂಡ 'ತಿರುಗಾಟ' ಬೆಂಗಳೂರಿಗೆ ಬಂದ್ರೆ ಕಣ್ಣು ಮುಚ್ಕೊಂಡು ಬುಕ್ ಮಾಡಿ, 1985ರಿಂದ ಅವ್ರು ನಾಟಕಗಳನ್ನ ಊರೂರಿಗೆ ಹೊತ್ಕೊಂಡು ಹೋಗ್ತಿದಾರೆ. ಉತ್ತರ ಕರ್ನಾಟಕದ ಭಾಷೆಯೋ, ಸಾಲುಗಟ್ಟಲೆ ಕಾವ್ಯದ ಮಾತೋ ಇದ್ರೆ ಮೊದಲ ಹತ್ತು ನಿಮಿಷ ಏನೂ ಅರ್ಥ ಆಗ್ತಿಲ್ಲ ಅನ್ನಿಸಬಹುದು, ಎದ್ದು ಬರ್ಬೇಡಿ, ಕಿವಿ ಒಗ್ಗತ್ತೆ.

ದಯವಿಟ್ಟು ಪಾಸ್ ಕೇಳ್ಬೇಡಿ. ಕಾಫಿ ಶಾಪಲ್ಲಿ ಒಂದು ಕಾಫಿಗೆ 250 ರೂಪಾಯಿ ಕೊಡೋ ನಾವು ನಾಟಕ ಅಂದ ತಕ್ಷಣ "ಫ್ರೀ ಎಂಟ್ರಿನಾ?" ಅಂತೀವಲ್ಲ, ಅದು ನನಗೆ ನಿಜವಾಗ್ಲೂ ಬೇಜಾರಿನ ವಿಷಯ. ಹಾಲ್ ಬಾಡಿಗೆ, ಲೈಟು, ಕಾಸ್ಟ್ಯೂಮು, ಸೆಟ್ ಸಾಗಿಸೋ ಟೆಂಪೋ ಎಲ್ಲ ಆ ಟಿಕೆಟ್ ದುಡ್ಡಲ್ಲೇ ಆಗ್ಬೇಕು, ಅದೂ ಸಾಲದೆ ಕೈಯಿಂದ ಹಾಕೋರೂ ಇದಾರೆ.

ಇನ್ನೊಂದು ವಿಷಯ. ನಾಟಕ ಮುಗಿದ್ಮೇಲೆ ನಿರ್ದೇಶಕರು ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಪರಿಚಯ ಮಾಡ್ತಾರೆ, ಪಾತ್ರಧಾರಿಗಳು, ಸಂಗೀತ, ಬೆಳಕು, ಪ್ರಸಾಧನ (ಮೇಕಪ್ಪು), ರಂಗಸಜ್ಜಿಕೆ (ಸೆಟ್) ಅಂತ ಒಬ್ಬೊಬ್ಬರ ಹೆಸರು ಕರೆದು. ಆಗ ಬಹಳ ಜನ ಎದ್ದು ಪಾರ್ಕಿಂಗ್ ಕಡೆ ಓಡ್ತಾರೆ. ಆ ಐದು ನಿಮಿಷ ಕೂತ್ಕೊಳ್ಳಿ. ಎರಡು ಗಂಟೆ ಕತ್ತಲಲ್ಲಿ ನಿಂತು ಲೈಟ್ ಆಪರೇಟ್ ಮಾಡಿದ ಹುಡುಗಿಗೆ ಸಿಗೋ ಚಪ್ಪಾಳೆ ಅದೊಂದೇ. ಆಮೇಲೆ ಗ್ರೀನ್ ರೂಮ್ ಹತ್ರ ಹೋಗಿ ಇಷ್ಟ ಆಗಿದ್ದನ್ನ ಹೇಳಿ, ಇಲ್ಲಿ ಯಾರೂ ಬೌನ್ಸರ್ ಇಟ್ಕೊಂಡಿರಲ್ಲ.

ಸಿನಿಮಾಗೂ ಇದೇ ಲೆಕ್ಕ ಅನ್ವಯಿಸತ್ತೆ. ಸ್ಟಾರ್ ಇಲ್ಲದ ಸಣ್ಣ ಕನ್ನಡ ಸಿನಿಮಾ ಶುಕ್ರವಾರ ಬರತ್ತೆ, ಶನಿವಾರ ಭಾನುವಾರ ಜನ ಇಲ್ಲ ಅಂದ್ರೆ ಸೋಮವಾರದ ಹೊತ್ತಿಗೆ ಶೋಗಳು ಕಮ್ಮಿ ಆಗಿ ಬೆಳಗ್ಗೆ ಹತ್ತು ಗಂಟೆಯ ಒಂದು ಶೋ ಉಳಿದಿರತ್ತೆ. ಹಾಗಾಗಿ "ಚೆನ್ನಾಗಿದೆಯಂತೆ, ಮುಂದಿನ ವಾರ ನೋಡೋಣ" ಅನ್ನೋದು ಬಿಟ್ಟು ಮೊದಲ ಮೂರು ದಿನದಲ್ಲೇ ಹೋಗಿ. ನಾಟಕ ನೋಡೋಕೆ ಶುರು ಮಾಡಿದ್ಮೇಲೆ ಸಿನಿಮಾ ನೋಡೋ ಖುಷಿನೇ ಬೇರೆ, ಪೋಷಕ ಪಾತ್ರದಲ್ಲಿ ಎರಡು ನಿಮಿಷ ಬಂದು ಹೋಗೋರನ್ನ ನೀವು ಸ್ಟೇಜ್ ಮೇಲೆ ಇಡೀ ಸಂಜೆ ನೋಡಿರ್ತೀರಿ. ಇದು ಹೊಸದೂ ಅಲ್ಲ, ರಾಜ್‌ಕುಮಾರ್, ಬಾಲಕೃಷ್ಣ, ನರಸಿಂಹರಾಜು ಎಲ್ಲರೂ ಗುಬ್ಬಿ ನಾಟಕ ಕಂಪನಿಯಲ್ಲಿ ಬಣ್ಣ ಹಚ್ಚಿ ಬಂದವ್ರು. ಬೇರೆ ದೇಶದ, ಬೇರೆ ಭಾಷೆಯ ಸಿನಿಮಾ ನೋಡಿ ಆಮೇಲೆ ಕೂತು ಚರ್ಚೆ ಮಾಡೋ ಆಸೆ ಇದ್ರೆ ಬನಶಂಕರಿ 2ನೇ ಹಂತದ ಸುಚಿತ್ರಾ ಇದೆ, 1971ರಲ್ಲಿ ಫಿಲ್ಮ್ ಸೊಸೈಟಿಯಾಗಿ ಶುರುವಾಗಿದ್ದು.

ಸ್ವಲ್ಪ ತಿಂಗಳು ಹೀಗೆ ಓಡಾಡಿದ್ಮೇಲೆ ಬರೀ ನೋಡೋದು ಸಾಲದು ಅನ್ಸತ್ತೆ. ಆಗ ನಿಮಗೆ ಇಷ್ಟವಾದ ತಂಡದವ್ರನ್ನ ಕೇಳಿ, ಟಿಕೆಟ್ ಕೌಂಟರಲ್ಲಿ ಕೂರೋಕೆ, ಪ್ರಾಪರ್ಟಿ (ಸ್ಟೇಜ್ ಮೇಲೆ ಬಳಸೋ ಸಾಮಾನು) ಹೊಂದಿಸೋಕೆ, ಕಾಸ್ಟ್ಯೂಮ್ ಇಸ್ತ್ರಿ ಮಾಡೋಕೆ ಅವ್ರಿಗೆ ಯಾವಾಗ್ಲೂ ಜನ ಬೇಕು. ನಟನೆ ಬರ್ಬೇಕು ಅಂತೇನಿಲ್ಲ, ತಾಲೀಮಿಗೆ ಟೈಮಿಗೆ ಸರಿಯಾಗಿ ಬಂದ್ರೆ ಸಾಕು.