ರಜೆಯಲ್ಲಿ ಮಾಯವಾಗುವ ಕೆಮ್ಮು

ಕಾರ್ಖಾನೆ ಡಾಕ್ಟರುಗಳಿಗೇ ಬರೆಯುತ್ತಿದ್ದೇನೆ. ಉಸಿರು ಬಿಡುವ ವೇಗ ಅಳೆಯುವ ಪೀಕ್ ಫ್ಲೋ ಮೀಟರ್ ಊದಿಸುವುದು ಹೇಗೆ ಅಂತ ನಿಮಗೆ ಹೇಳಬೇಕಿಲ್ಲ.

ಮಷಿನ್ ಶಾಪ್‌ನ 11 ಜನಕ್ಕೆ ಕೆಮ್ಮು, ಸಂಜೆಯಾದರೆ ಜ್ವರ, ತೂಕ ಇಳಿತ. ಫೈಲುಗಳಲ್ಲಿ ಮಾತ್ರ ಒಬ್ಬರಿಗೆ ಆಸ್ತಮಾ, ಒಬ್ಬರಿಗೆ ನ್ಯುಮೋನಿಯಾ, ಇನ್ನೊಬ್ಬರಿಗೆ ಬ್ರಾಂಕೈಟಿಸ್. ಇದೆಲ್ಲ ಒಂದೇ ಇರಬಹುದು ಅಂದೆ. ಹಿರಿಯರೊಬ್ಬರು ನಕ್ಕರು: 'ಸಿಗರೇಟು ಬಿಡಿಸಿ ಡಾಕ್ಟ್ರೇ, ಸಾಕು.'

ಮೊದಲು ಸುಮಾರು 200 ಪ್ರಶ್ನಾವಳಿ ಹಂಚಿದೆ. ಕೊಟ್ಟಿದ್ದೂ ಸೂಪರ್‌ವೈಸರ್, ವಾಪಸ್ ತಂದಿದ್ದೂ ಅವರೇ. ಎಲ್ಲದರಲ್ಲೂ 'ಇಲ್ಲ'ಕ್ಕೇ ಟಿಕ್. ಆಮೇಲೆ ಸ್ಪೈರೋಮೆಟ್ರಿ (ಊದಿಸಿ ಶ್ವಾಸಕೋಶದ ಬಲ ಅಳೆಯುವ ಪರೀಕ್ಷೆ), ಅದೂ ಸೋಮವಾರ ಬೆಳಿಗ್ಗೆ! ಎರಡು ದಿನ ರಜೆ ಮುಗಿಸಿ ಬಂದವರ ಉಸಿರು ಚೆನ್ನಾಗಿರದೆ ಇನ್ನೇನು. ಮೂರನೇ ಸಲ ನನ್ನ ಒಂದು ತಿಂಗಳ ಸಂಬಳ ಹಾಕಿ ಪೀಕ್ ಫ್ಲೋ ಮೀಟರ್ ಕೊಂಡೆ. ದಿನಕ್ಕೆ 4 ಸಲ, 4 ವಾರ. ಏಳೆಂಟು ವಾಪಸ್ ಬರಲೇ ಇಲ್ಲ, ಒಂದನ್ನು ಯಾರದೋ ಮಗು ಪೀಪಿ ಮಾಡಿಕೊಂಡಿತ್ತು. ಆಸ್ತಮಾದವರ ಗ್ರಾಫಿನ ಗೆರೆ ಮಾತ್ರ ರಜೆಯಲ್ಲಿ ಏರಿತು, ಉಳಿದವರದು ಅಲ್ಲಾಡಲಿಲ್ಲ. ದುಡ್ಡು ಅರ್ಧ ನೀರುಪಾಲು.

ಕೊನೆಗೆ ಫೈಲಿನಿಂದ ಕಾಯಿಲೆಯ ಹೆಸರನ್ನೇ ಹೊಡೆದು ಹಾಕಿದೆ. ಹುದ್ದೆಯ ಹೆಸರನ್ನೂ. ಕೈಯಲ್ಲಿ ಏನು ಮಾಡ್ತಾರೆ, ಎಲ್ಲಿ ನಿಲ್ತಾರೆ, ಅಷ್ಟೇ ಬರೆದು ಶಾಪ್‌ನ ನಕ್ಷೆಯಲ್ಲಿ ಗುಂಡುಪಿನ್ನು ಚುಚ್ಚಿದೆ. 9 ಪಿನ್ನು ಒಂದೇ ಕೂಲೆಂಟ್ (ಲೋಹ ಕೊರೆಯುವಾಗ ತಣಿಸುವ ದ್ರವ) ಟ್ಯಾಂಕಿನ ಸುತ್ತ! ರಿಜಿಸ್ಟರಿನಲ್ಲಿ 'ಕಸ ಗುಡಿಸುವವರು' ಅಂತಿದ್ದವರು ನಿಜಕ್ಕೂ ಏರ್ ಗನ್ ಹಿಡಿದು ಮಷಿನ್ ಊದುತ್ತಿದ್ದರು. ಅವರ ಬಾಯಿಂದ ಇದನ್ನು ಹೊರಡಿಸಿದ ಪ್ರಶ್ನೆ ಯಾವುದು ಅಂತ ಮಾತ್ರ ಹೇಳಲ್ಲ.

ನಡುವೆ ಒಂದು ತಲೆಹರಟೆ. ಸೋಮವಾರ ಟ್ಯಾಂಕ್ ಕೊಳೆತ ಮೊಟ್ಟೆಯ ಹಾಗೆ ನಾರುತ್ತಿತ್ತು, ಸೂಕ್ಷ್ಮಾಣು ಕೊಲ್ಲುವ ಬಯೋಸೈಡ್ ಸುರಿಸಿದೆ. ವಾಸನೆ ಹೋಯಿತು, ಕೆಮ್ಮು ಹೋಗಲಿಲ್ಲ. ಟ್ಯಾಂಕಿನ ದ್ರವದ ಸೂಕ್ಷ್ಮಾಣು ಬೆಳೆಸಿ ನೋಡುವ ಸಾಮಾನ್ಯ ಕಲ್ಚರ್‌ನಲ್ಲೂ ಏನೂ ಇಲ್ಲ. ಮತ್ತೆ ದುಡ್ಡು ಕಟ್ಟಿ ಆಸಿಡ್ ಫಾಸ್ಟ್ ಕಲ್ಚರ್ ಮಾಡಿಸಿದಾಗ ಕ್ಷಯದ ರೋಗಾಣುವಿನ ಕುಲದ್ದೇ ಆದ ಮೈಕೋಬ್ಯಾಕ್ಟೀರಿಯಂ ಸಿಕ್ಕಿತು. ಬಯೋಸೈಡಿಗೆ ಜಗ್ಗದ ಜಾತಿ ಅದು. ಸಿಟಿ ಸ್ಕ್ಯಾನ್ ಸೇರಿಸಿ ನೋಡಿದರೆ ಹೈಪರ್‌ಸೆನ್ಸಿಟಿವಿಟಿ ನ್ಯುಮೋನೈಟಿಸ್: ಉಸಿರಾಡಿದ್ದಕ್ಕೆ ಅಲರ್ಜಿಯಾಗಿ ಶ್ವಾಸಕೋಶ ಊದಿಕೊಳ್ಳುವ ಕಾಯಿಲೆ.

ವಿಂಗಡಿಸಲು ನನ್ನದು ಮೂರೇ ಡಬ್ಬಿ. ಹಳೆ ಕಾಯಿಲೆ, ಹಳೆ ಕಾರಣ, ಹೊಸ ಜಾಗ. ಹಳೆ ಕಾಯಿಲೆ, ಹೊಸ ಕಾರಣ: 2000ದಲ್ಲಿ ಬೆಳಕಿಗೆ ಬಂದ ಪಾಪ್‌ಕಾರ್ನ್ ಕಾರ್ಖಾನೆ ಕಾರ್ಮಿಕರ ಶ್ವಾಸಕೋಶದ ಕಾಯಿಲೆಯ ಹಾಗೆ, ಅಲ್ಲಿ ಕಾರಣ ಬೆಣ್ಣೆ ವಾಸನೆ ಕೊಡುವ ಡೈಅಸಿಟೈಲ್ ರಾಸಾಯನಿಕ. ಕಾಯಿಲೆ, ಕಾರಣ ಎರಡೂ ಹೊಸದಾದರೆ ಮೂರನೆಯದು. ನಮ್ಮದು ಮೊದಲ ಡಬ್ಬಿಗೆ ಬಿತ್ತು. ಕಾಯಿಲೆಗಳ ಅಂತರರಾಷ್ಟ್ರೀಯ ಪಟ್ಟಿ ಐಸಿಡಿ-10ರ ಕೋಡ್ ಜೆ67.8, ಜೊತೆಗೆ ಕೆಲಸದ ನಂಟಿಗೆ ವೈ96. 'ಕೂಲೆಂಟ್ ಪಟ್ಟಿಯಲ್ಲಿಲ್ಲ' ಅಂತ ಪರಿಹಾರದ ಹಣ ಕೊಡುವವರು ತಕರಾರು ತೆಗೆದರು. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಐಎಲ್ಒದ 2010ರ ಔದ್ಯೋಗಿಕ ಕಾಯಿಲೆಗಳ ಪಟ್ಟಿ ಮುಂದಿಟ್ಟೆ: ಸೂಕ್ಷ್ಮಾಣು ಸೇರಿದ ಹನಿಮಂಜು ಉಸಿರಾಡಿ ಬಂದದ್ದೂ ಅದರಲ್ಲಿದೆ. ಸುಮ್ಮನಾದರು.

ಟ್ಯಾಂಕ್ ಬದಲಾಯಿತು, ಮಷಿನ್‌ಗೆ ಮುಚ್ಚಳ ಬಂತು. 9ರಲ್ಲಿ 7 ಜನ ಕೆಲಸಕ್ಕೆ ಮರಳಿದರು. ಟ್ಯಾಂಕಿನ ಹತ್ತಿರ ಸುಳಿಯದ ಇಬ್ಬರಲ್ಲಿ ಒಬ್ಬರದು ನಿಜಕ್ಕೂ ಸಿಗರೇಟಿನ ಕೆಮ್ಮೇ. ಹಿರಿಯರಿಗೆ ಹೇಳಿದೆ, ಖುಷಿಪಟ್ಟರು. ಇನ್ನೊಬ್ಬರ ಫೈಲ್ ಇನ್ನೂ ನನ್ನ ಮೇಜಿನ ಮೇಲಿದೆ, ಮೂರನೇ ಡಬ್ಬಿಯ ಪಕ್ಕದಲ್ಲಿ.